ಹೆಸರು ಕೇಳಿದರೆ ಹೆಸರುಕಾಳು

ಯಂತ್ರಗಳಿಗೆ ಬುದ್ಧಿ ಬಂದಿದೆಯೆಂದು ಜಗತ್ತೆಲ್ಲ ಬೊಬ್ಬೆ ಹೊಡೆಯುತ್ತಿದ್ದಾಗ, ಆ ಬುದ್ಧಿಯನ್ನು ನನ್ನ ಗಂಡನ ಮೇಲೆ ಪ್ರಯೋಗಿಸಿ ಗೆದ್ದೇ ತೀರುತ್ತೇನೆಂದು ನಾನು ತೀರ್ಮಾನಿಸಿದೆ!

ವಿಷಯ ಇಷ್ಟೆ. ತಾಷ್ಕೆಂಟಿನ ನಮ್ಮ ತಲೆಮಾರಿನ ಗಂಡಸರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ. ಚೊಚ್ಚಲ ಮಗುವಿನ ಹೆಸರಿನಿಂದ ಕರೆಯುತ್ತಾರೆ. ನಮ್ಮ ಹಿರಿಯ ಮಗಳು ನಫೀಸಾ. ಅವಳು ಹುಟ್ಟಿದ ದಿನದಿಂದ ನಾನೂ ನಫೀಸಾ. ಅವಳು ಮದುವೆಯಾಗಿ ಫರ್ಗಾನಾಕ್ಕೆ ಹೋಗಿ, ತಾನೂ ತಾಯಿಯಾಗಿ, ತನ್ನ ಮಗನ ಹೆಸರಿನಿಂದ ಕರೆಸಿಕೊಳ್ಳತೊಡಗಿದಳು. ಅವಳು ಬಿಟ್ಟುಹೋದ ಹೆಸರು ಮಾತ್ರ ಈ ಮನೆಯಲ್ಲಿ ನನ್ನ ತಲೆಯ ಮೇಲೆಯೇ ಉಳಿಯಿತು!

ನನಗೂ ಒಂದು ಹೆಸರಿದೆ. ಮುಕರ್ರಮಾ. 'ಗೌರವಾನ್ವಿತೆ' ಎಂದು ಅರ್ಥ. ವಿಶ್ವವಿದ್ಯಾಲಯದಲ್ಲಿ ಜೀವಮಾನವಿಡೀ ಧ್ವನಿಶಾಸ್ತ್ರ ಕಲಿಸಿದವಳು ನಾನು. ಗಂಟಲಿನ ಆಳದಿಂದ ಬರಬೇಕಾದ 'ಕ'ವನ್ನು ತುಟಿಯಂಚಿನಲ್ಲೇ ಮುಗಿಸುವವರನ್ನು ನಿರ್ದಾಕ್ಷಿಣ್ಯವಾಗಿ ನಪಾಸು ಮಾಡಿದ್ದೇನೆ. ಅವರಿಗೆಲ್ಲ ನಾನು 'ದೊಮ್ಲಾ', ಅಂದರೆ ಮೇಡಮ್ಮು. ಮೊಹಲ್ಲಾದವರಿಗೂ ದೊಮ್ಲಾ. ಮನೆಯಲ್ಲಿ ನಫೀಸಾ. ಎರಡು ರಕಾರಗಳ ಆ ನನ್ನ ಸೊಗಸಾದ ಹೆಸರು ಪಿಂಚಣಿ ಪತ್ರದಲ್ಲಿ ಕುಳಿತು ತೂಕಡಿಸುತ್ತಿತ್ತು.

ನನ್ನ ಗಂಡ ರೈಲು ನಿಲ್ದಾಣದಲ್ಲಿ ಗಾಡಿಗಳಿಗೆ ದಾರಿ ಬಿಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಸಮರಕಂದದ ಗಾಡಿಗೆ ದಾರಿ ಬಿಟ್ಟರು, ಬುಖಾರಾದ ಗಾಡಿಗೆ ದಾರಿ ಬಿಟ್ಟರು, ಹೆಂಡತಿಗೆ ಮಾತ್ರ ಎಂದೂ ದಾರಿ ಬಿಟ್ಟವರಲ್ಲ! ಅವರ ಹೆಸರೇನೆಂದು ಕೇಳುತ್ತೀರಾ? ಗಂಡನ ಹೆಸರನ್ನು ನಾನು ಹೇಗೆ ಹೇಳಲಿ? ನಾನು ಅವರನ್ನು 'ದಾದಾಸಿ' ಎನ್ನುತ್ತೇನೆ, ಮಗುವಿನ ಅಪ್ಪ ಎಂದು. ಅದು ಬೇರೆ ವಿಷಯ. ಅದನ್ನು ಇಲ್ಲಿ ಎಳೆದು ತರಬೇಡಿ.

ಆ ದಿನಗಳಲ್ಲಿ ಅಂತರಜಾಲದಲ್ಲಿ ಒಂದು ದೊಡ್ಡ ಗಲಾಟೆ ಎದ್ದಿತ್ತು. ಮಾತನಾಡುವ ಪೆಟ್ಟಿಗೆಯೊಂದು ಮಾರುಕಟ್ಟೆಗೆ ಬಂದಿತ್ತು. ಹೆಸರು ಹಿಡಿದು ಕರೆದು ಕೆಲಸ ಹೇಳಿದರೆ ಮಾಡುತ್ತದೆ: ಹಾಡು ಹಾಕುತ್ತದೆ, ಸಾಮಾನು ತರಿಸುತ್ತದೆ, ಸಂದೇಶ ಕಳಿಸುತ್ತದೆ. ಅದು ಮನೆಮಂದಿಯ ಮಾತನ್ನೆಲ್ಲ ಕದ್ದು ಕೇಳುತ್ತದೆಂದು ಅರ್ಧ ಊರು, ಇಲ್ಲವೆಂದು ಇನ್ನರ್ಧ ಊರು ಫೋನಿನಲ್ಲಿ ಕಿತ್ತಾಡುತ್ತಿತ್ತು. ನನಗಂತೂ ಆ ಜಗಳ ಅರ್ಥವಾಗಲಿಲ್ಲ. ಇಷ್ಟು ವರ್ಷ ತರಗತಿಯಲ್ಲಿ ನನ್ನ ಮಾತು ಕೇಳುವ ಒಂದು ಕಿವಿಗಾಗಿ ಹುಡುಕಿದವಳು ನಾನು. ಕದ್ದಾದರೂ ಸರಿ, ಯಾರಾದರೂ ಕೇಳಲಿ!

ಅದನ್ನು ಕಣ್ಣಾರೆ ನೋಡೋಣವೆಂದು ಅಂಗಡಿಗೆ ಹೋದೆ. ಮಾರುವವನು ಪೆಟ್ಟಿಗೆಯ ತಲೆ ಸವರಿ, "ಇದರ ಹೆಸರು ನಫೀಸಾ, ದೊಮ್ಲಾ. ಹೆಸರು ಕೂಗಿದರೆ ಸಾಕು, ಓಗೊಡುತ್ತೆ" ಎಂದ.

ನಾನು ನಿಂತಲ್ಲೇ ನಿಂತೆ. ಮಹಾಯುದ್ಧದ ನಕ್ಷೆಯೇ ಕಣ್ಣ ಮುಂದೆ ಬಿಚ್ಚಿಕೊಂಡಿತು! ಈ ಪೆಟ್ಟಿಗೆ ಮನೆಗೆ ಬಂದರೆ ನನ್ನ ಗಂಡ "ನಫೀಸಾ" ಎಂದಾಗಲೆಲ್ಲ ಅದು ಓಗೊಡುತ್ತದೆ. ಅವರಿಗೆ ರೇಗುತ್ತದೆ. ನನ್ನನ್ನು ಕರೆಯಲು ಬೇರೆ ಹೆಸರು ಬೇಕಾಗುತ್ತದೆ. ಬೇರೆ ಹೆಸರೆಂದರೆ ಇರುವುದು ಒಂದೇ!

ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡೇ ಆ ಸಂಜೆ ಗಪ್‌ಗೆ ಹೋದೆ. ಗಪ್ ಎಂದರೆ ನಮ್ಮಲ್ಲಿ ಮಾತು. ಹೆಂಗಸರು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ, ಉಂಡು, ಮಾತಾಡುವ ಕೂಟಕ್ಕೂ ಅದೇ ಹೆಸರು. ಅಲ್ಲಿ ಗಪ್ಪನೆ ಕೂರುವವರು ಯಾರೂ ಇಲ್ಲ! ಅಂದು ಸನೋಬರ್ ಮನೆಯ ಸರದಿ. ಸನೋಬರ್ ನಮ್ಮ ಪಕ್ಕದ ಮನೆಯವಳು. ಔಷಧದ ಅಂಗಡಿ ನಡೆಸಿ ನಡೆಸಿ ನಾಲಿಗೆಗೂ ಕಹಿ ಅಂಟಿಸಿಕೊಂಡವಳು.

"ಮುಂದಿನ ಗಪ್ ನನ್ನ ಮನೆಯಲ್ಲಿ. ಅಷ್ಟರೊಳಗೆ ನನ್ನ ಗಂಡನ ಬಾಯಿಂದ ನನ್ನ ಹೆಸರು ಹೇಳಿಸುತ್ತೇನೆ. ನಿಮ್ಮೆಲ್ಲರ ಎದುರಿಗೆ!" ಎಂದು ಘೋಷಿಸಿದೆ.

"ಹೇಳದಿದ್ರೆ?" ಎಂದಳು ಸನೋಬರ್, ಚಹಾ ಬಗ್ಗಿಸುತ್ತ.

"ನನ್ನ ಕಡಾಯಿ ನಿನ್ನದು!"

ನನ್ನ ಅತ್ತೆಯಿಂದ ಬಂದ ಎರಕದ ಕಡಾಯಿ ಅದು. ಅದರಲ್ಲಿ ಮಾಡಿದ ಪಲಾವು ಎಂದೂ ತಳ ಹಿಡಿದದ್ದಿಲ್ಲ. ಸನೋಬರ್ ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ಆರೋಗ್ಯಕ್ಕಿಂತ ಮೊದಲು ಅದರ ಆರೋಗ್ಯ ವಿಚಾರಿಸುತ್ತಿದ್ದಳು.

"ಕಡಾಯಿಯ ಮುಚ್ಚಳಾನೂ ಸೇರಿ ತಾನೇ?" ಎಂದಳು.

"ಮುಚ್ಚಳವೂ ಸೇರಿ!"

ಮರುದಿನ ಬೆಳಿಗ್ಗೆ ಯುದ್ಧ ಆರಂಭ. ಪೆಟ್ಟಿಗೆಯನ್ನು ನಡುಮನೆಯ ಗೂಡಿನಲ್ಲಿಟ್ಟೆ. ನನ್ನ ಗಂಡ ಎಂದಿನಂತೆ ದಿಂಬಿಗೊರಗಿ ಕೂಗಿದರು: "ನಫೀಸಾ! ಚಹಾ ಎಲ್ಲಿ?"

"ಚಹಾ ಮೂಲತಃ ಚೀನಾದಲ್ಲಿ ಬೆಳೆಯುತ್ತದೆ" ಎಂದಿತು ಪೆಟ್ಟಿಗೆ. ಆಹಾ, ಎಂಥ ಉಚ್ಚಾರಣೆ! ನನ್ನ ಅರ್ಧಕ್ಕರ್ಧ ವಿದ್ಯಾರ್ಥಿಗಳಿಗಿಂತ ವಾಸಿ.

"ಯಾರೇ ಅವಳು?" ಎಂದು ಗಂಡ ಎದ್ದು ಕುಳಿತರು.

"ನಫೀಸಾ" ಎಂದೆ ನಾನು, ಅಡುಗೆಮನೆಯಿಂದ.

"ನಫೀಸಾ ನೀನಲ್ವೇನೆ?"

"ಹೇಳಿ, ಕೇಳುತ್ತಿದ್ದೇನೆ" ಎಂದಿತು ಪೆಟ್ಟಿಗೆ.

"ನಾನಲ್ಲ ದಾದಾಸಿ. ನನ್ನ ಹೆಸರು ಬೇರೆ ಇದೆ. ನೆನಪು ಮಾಡಿಕೊಳ್ಳಿ. ನಾನೇನೂ ಅವಸರ ಮಾಡೋದಿಲ್ಲ."

ಅವರೇನು ಸುಲಭಕ್ಕೆ ಸೋಲುವ ಆಸಾಮಿಯೇ! ಪಟ್ಟು ಹಿಡಿದರು. "ನಫೀಸಾ, ನನ್ನ ಟೋಪಿ ಎಲ್ಲಿ?" ಎಂದರೆ ಪೆಟ್ಟಿಗೆ ಊರಿನ ಟೋಪಿ ಅಂಗಡಿಗಳ ವಿಳಾಸ ಒಪ್ಪಿಸಿತು. "ನಫೀಸಾ, ನನ್ನ ಸೊಂಟ ಹಿಡ್ಕೊಂಡಿದೆ" ಎಂದರೆ, "ಹಿಡಿದುಕೊಂಡವರು ಯಾರು? ಪೊಲೀಸರನ್ನು ಕರೆಯಲೇ?" ಎಂದಿತು. ನಾನು ಒಗ್ಗರಣೆ ಸೀದುಹೋಗುವಷ್ಟು ನಕ್ಕೆ.

ಕೊನೆಗೊಂದು ಮಧ್ಯಾಹ್ನ ಅವರ ತಾಳ್ಮೆ ಕೆಟ್ಟಿತು. "ಏನೇ ನಫೀಸಾ, ಮೊಮ್ಮಕ್ಕಳನ್ನ ಕಂಡ ಮೇಲೆ ಹೆಸರು ಬೇಕಾ ನಿನಗೆ? ಎಷ್ಟು ಬೇಕು ಹೆಸರು? ಮೂಟೆಗಟ್ಟಲೆ ಬೇಕಾ?"

"ಹೆಸರುಕಾಳು, ಒಂದು ಮೂಟೆ. ತರಿಸಲಾಗುತ್ತಿದೆ" ಎಂದಿತು ಪೆಟ್ಟಿಗೆ.

ಸಂಜೆಗೆ ಬಂದೇ ಬಿಟ್ಟಿತು! ಬಾಗಿಲಲ್ಲಿ ಮೂಟೆ ಇಳಿಸಿದವನು, "ಮದುವೆಯೇನಮ್ಮ ಮನೇಲಿ?" ಎಂದು ಕೇಳಿದ.

"ಇಲ್ಲಪ್ಪ, ಮದುವೆಯಾಗಿ ತುಂಬಾ ದಿನವಾಯಿತು. ಅದರದೇ ಫಲ ಇದು" ಎಂದೆ.

ನನ್ನ ಗಂಡ ಮೂಟೆ ನೋಡಿದರು. ನನ್ನನ್ನು ನೋಡಿದರು. ಗೂಡಿನಲ್ಲಿದ್ದ ಪೆಟ್ಟಿಗೆ ನೋಡಿದರು. ಹಳೆಯ ನಿಲ್ದಾಣದ ಗಂಟಲು ತೆರೆದರು: "ನಫೀಸಾ! ಹೋಗು, ಇಡೀ ಮೊಹಲ್ಲಾಕ್ಕೆ ಸಾರಿ ಹೇಳು! ನನ್ನ ಹೆಂಡತಿಗೆ ಹುಚ್ಚು ಹಿಡಿದಿದೆ, ಗಂಡನ ಬಾಯಲ್ಲಿ ಹೆಸರು ಕರೆಸಿಕೊಳ್ಳಬೇಕಂತೆ, ನಾನು ಸತ್ತರೂ ಕರೆಯೋದಿಲ್ಲ ಅಂತ!"

"ನಿಮ್ಮ ಧ್ವನಿಯನ್ನು 'ಮೊಹಲ್ಲಾ' ಗುಂಪಿಗೆ ಕಳುಹಿಸಲಾಗಿದೆ" ಎಂದಿತು ವಿಧೇಯ ಪೆಟ್ಟಿಗೆ.

ಆಮೇಲೆ ನಡೆದದ್ದನ್ನು ಪ್ರಳಯವೆಂದರೆ ಪ್ರಳಯಕ್ಕೆ ಅವಮಾನ! ನನ್ನ ಗಂಡನ ಗರ್ಜನೆ ಮೊಹಲ್ಲಾದ ಗುಂಪಿನಿಂದ ಪಕ್ಕದ ಮೊಹಲ್ಲಾಕ್ಕೆ, ಅಲ್ಲಿಂದ ಊರಿಗೆ, ಊರಿನಿಂದ ಆಂದಿಜಾನದವರೆಗೆ ಹಾರಿತು. ಪೆಟ್ಟಿಗೆ ಕದ್ದು ಕೇಳುತ್ತದೋ ಇಲ್ಲವೋ ಎಂಬ ಹಳೆಯ ಜಗಳವನ್ನು ಜನ ಅಲ್ಲಿಗೇ ಬಿಟ್ಟು ಹೊಸದಕ್ಕೆ ನೆಗೆದರು. ಹೆಂಡತಿಯನ್ನು ಹೆಸರು ಹಿಡಿದು ಕರೆಯಬೇಕೇ, ಬೇಡವೇ? ಹೆಸರಿನ ಪಕ್ಷ ಒಂದು, ಮಕ್ಕಳ ಪಕ್ಷ ಒಂದು! ಗುಂಡಿ ಒಲೆಯಲ್ಲಿ ರೊಟ್ಟಿ ಸುಡುವವನೊಬ್ಬ ಎಳ್ಳಿನಲ್ಲಿ ಹೆಂಡತಿಯ ಹೆಸರು ಬರೆದ ರೊಟ್ಟಿ ಮಾರತೊಡಗಿದ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬರೆದ: "ಒಂದು ಸ್ವರ ತಪ್ಪಿದ್ದಕ್ಕೆ ನನ್ನನ್ನು ಎರಡು ಸಲ ನಪಾಸು ಮಾಡಿದ ದೊಮ್ಲಾ ಇವರೇ. ಇವರ ಮನೆಯಲ್ಲಿ ಇವರ ಹೆಸರಿನ ಒಂದು ಸ್ವರವೂ ಹೊರಡುತ್ತಿಲ್ಲ!"

ಅದರಲ್ಲಿ ಕಾಗುಣಿತದ ತಪ್ಪಿತ್ತು. ತಿದ್ದಿ ಉತ್ತರ ಹಾಕಿದೆ. ಅವನು ಇನ್ನೊಂದು ತಪ್ಪು ಮಾಡಿದ. ಅದನ್ನೂ ತಿದ್ದಿದೆ. ನಾನು ತಿದ್ದುತ್ತೇನೆಂದು ತಿಳಿದ ಮೇಲೆ ಬೇಕೆಂದೇ ತಪ್ಪು ಬರೆಯುವವರ ಸಾಲು ಹತ್ತಿತು. ನನ್ನ ಬೋಧನೆಗೆ ನೌಕರಿಯಲ್ಲಿದ್ದಾಗಲೂ ಅಷ್ಟು ಜನ ಬಂದಿರಲಿಲ್ಲ!

ಮಗಳು ಫರ್ಗಾನಾದಿಂದ ಫೋನ್ ಮಾಡಿದಳು. "ಅಮ್ಮಾ, ಇದೇನು ನಿಮ್ಮಿಬ್ಬರ ಅವತಾರ? ನನ್ನ ಅತ್ತೆ ಮೂರು ಸಲ ಕೇಳಿಸಿಕೊಂಡು ನಗ್ತಿದ್ದಾರೆ."

"ನಾಲ್ಕನೆಯ ಸಲವೂ ಕೇಳಿಸು. ಸತ್ಯಕ್ಕಾಗಿ ನಡೆಯುತ್ತಿರುವ ಹೋರಾಟ ಇದು."

"ಪೆಟ್ಟಿಗೆಯ ಹೆಸರು ಬದಲಾಯಿಸಬಹುದಲ್ಲಮ್ಮ, ಎಷ್ಟು ಸುಲಭ..."

"ಅದನ್ನ ನಿಮ್ಮಪ್ಪನಿಗೆ ಹೇಳಬೇಡ!" ಎಂದು ಗದರಿ ಫೋನಿಟ್ಟೆ.

ಅತ್ತ ನನ್ನ ಗಂಡ ಮೌನವ್ರತ ಹಿಡಿದರು. ನಫೀಸಾ ಎಂದರೆ ಪೆಟ್ಟಿಗೆ ಏಳುತ್ತದೆ, ನನ್ನ ಹೆಸರು ಹೇಳಿದರೆ ಮಾನ ಹೋಗುತ್ತದೆ. ಚಹಾ ಬೇಕಾದರೆ ಕೆಮ್ಮಿದರು. ಊಟ ಬೇಕಾದರೆ ಬಟ್ಟಲಿಗೆ ಚಮಚ ಬಡಿದರು. ನಾನು ಮಾತ್ರ ಕಲ್ಲು! ಮೂರು ಹೊತ್ತೂ ಹೆಸರುಕಾಳಿನ ಹುಗ್ಗಿ ಬಡಿಸಿದೆ. ಹೆಸರು ಹೇಳದವರಿಗೆ ಹೆಸರೇ ಊಟ!

ಗಪ್ ದಿನ ಬಂತು. ಬೆಳಿಗ್ಗೆಯಿಂದ ಅಂಗಳದ ಒಲೆಯ ಮೇಲೆ ಕಡಾಯಿ ಏರಿಸಿ ಪಲಾವಿಗೆ ಕ್ಯಾರೆಟ್ ಹೆಚ್ಚುತ್ತಿದ್ದೆ. ಇದೇ ಕೊನೆಯ ಪಲಾವೇನೋ ಎಂದು ಕಡಾಯಿಯತ್ತ ಇನ್ನೊಮ್ಮೆ ನೋಡಿದೆ. ಆಗ ನಡುಮನೆಯ ಮುಚ್ಚಿದ ಬಾಗಿಲ ಹಿಂದಿನಿಂದ ಕೇಳಿತು. ಮೆಲ್ಲಗೆ, ಅಳುಕುತ್ತ:

"ಮುಕರಮಾ... ಮುಕರ್ರಮಾ... ಮುಕರ್ರಮಾ..."

ನನ್ನ ಕೈಯಲ್ಲಿದ್ದ ಚಾಕು ನಿಂತಿತು. ಅಭ್ಯಾಸ ಮಾಡುತ್ತಿದ್ದಾರೆ! ಮೊದಲ ಸಲ ಒಂದು ರಕಾರ ನುಂಗಿದರು, ಎರಡನೆಯ ಸಲ ತಾವೇ ತಿದ್ದಿಕೊಂಡರು! ಧ್ವನಿಶಾಸ್ತ್ರದವಳ ಕಿವಿ, ಮೋಸ ಹೋಗುವ ಮಾತೇ ಇಲ್ಲ. ನಾನು ಭಾವುಕಳಲ್ಲ. ಕಣ್ಣಲ್ಲಿ ನೀರು ಬಂದದ್ದು ಈರುಳ್ಳಿಗೆ. ಈರುಳ್ಳಿ ಹೆಚ್ಚುವುದು ಇನ್ನೂ ಬಾಕಿಯಿತ್ತು, ಅಷ್ಟೆ.

ಹೆಂಗಸರು ಬಂದರು. ಸನೋಬರ್ ಎಲ್ಲರಿಗಿಂತ ಮೊದಲು ಬಂದಳು, ಕೈಯಲ್ಲಿ ದೊಡ್ಡ ಚೀಲ ಹಿಡಿದು!

"ಅದೇನು ಚೀಲ?"

"ಕಡಾಯಿ ಒಯ್ಯೋಕೆ ದೊಮ್ಲಾ. ಮಸಿ ಬಟ್ಟೆಗೆ ಅಂಟಬಾರದಲ್ಲ."

"ಅದೇ ಚೀಲದಲ್ಲಿ ನಿನ್ನ ಮುಖ ಮುಚ್ಚಿಕೊಂಡು ಹೋಗುತ್ತೀಯೆ, ನೋಡುತ್ತಿರು" ಎಂದೆ.

ಪಲಾವು ಮುಗಿದು ಚಹಾ ಬಂತು. ಬಾಗಿಲ ಪರದೆ ಸರಿಯಿತು. ನನ್ನ ಗಂಡ! ಹೊಸ ಟೋಪಿ, ಬಾಚಿದ ಮೀಸೆ. ಎದೆಯ ಮೇಲೆ ಕೈಯಿಟ್ಟು ಹೆಂಗಸರಿಗೆಲ್ಲ ವಂದಿಸಿದರು. ಗಂಟಲು ಸರಿಮಾಡಿಕೊಂಡರು. ಸನೋಬರಳ ಬಾಯಿಗೆ ಹೊರಟಿದ್ದ ಬಟ್ಟಲು ಗಾಳಿಯಲ್ಲೇ ನಿಂತಿತು.

"ಮುಕರ್ರಮಾಖಾನ್!" ಎಂದರು ಅವರು.

ಅಬ್ಬಬ್ಬಾ! ಬರಿಯ ಹೆಸರಲ್ಲ. ಕೊನೆಗೆ 'ಖಾನ್' ಎಂಬ ಅಕ್ಕರೆಯ ಬಾಲ ಬೇರೆ! ಎರಡು ರಕಾರಗಳೂ ಗಂಟೆ ಬಾರಿಸಿದ ಹಾಗೆ! ಹೆಂಗಸರು ಹೋ ಎಂದರು. ಒಬ್ಬಳು ಚಪ್ಪಾಳೆ ತಟ್ಟಿದಳು, ಇನ್ನೊಬ್ಬಳು ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. ನಾನು ಸಿಂಹಾಸನದಿಂದ ಇಳಿಯುವ ರಾಣಿಯಂತೆ ನಿಧಾನವಾಗಿ ಎದ್ದು, ಸನೋಬರಳ ಚೀಲದ ಮೇಲೊಂದು ನೋಟ ಎಸೆದು ನುಡಿದೆ:

"ಏನು, ದಾದಾಸಿ?"

"ಹೇಳಿ, ಕೇಳುತ್ತಿದ್ದೇನೆ" ಎಂದಿತು ಗೂಡಿನ ಪೆಟ್ಟಿಗೆ.

ನನ್ನ ಗಂಡ ನನ್ನತ್ತ ಕೈ ಅಲ್ಲಾಡಿಸಿದರು. "ನಿನ್ನನ್ನಲ್ಲ, ನೀನು ಕೂತ್ಕೋ ನಫೀಸಾ. ಮುಕರ್ರಮಾಖಾನ್, ದಯವಿಟ್ಟು ಹೆಂಗಸರಿಗೆ ಒಂದು ಒಳ್ಳೆ ಹಾಡು ಹಾಕಮ್ಮ."

ಹಾಡು ಶುರುವಾಯಿತು. ಮದುವೆಯ ಹಾಡು!

"ಇದೇನು ದಾದಾಸಿ ಇದು?" ಎಂದೆ.

"ಮಗಳು ಫೋನಲ್ಲಿ ಹೇಳಿಕೊಟ್ಟಳು. 'ಪೆಟ್ಟಿಗೆಗೆ ಬೇರೆ ಹೆಸರಿಡಪ್ಪ, ನಿನ್ನ ದನಿಯಲ್ಲೇ ನಾಲ್ಕು ಸಲ ಹೇಳಿ ಕಲಿಸು. ಆದರೆ ಮನೇಲಿ ಯಾರೂ ಬಾಯಿ ತಪ್ಪಿಯೂ ಹೇಳದ ಹೆಸರಾಗಿರಬೇಕು, ಇಲ್ಲದಿದ್ರೆ ಸುಮ್ಮಸುಮ್ಮನೆ ಎದ್ದುಬಿಡುತ್ತೆ' ಅಂದಳು. ಬೆಳಗ್ಗೆ ಪೂರ್ತಿ ಯೋಚನೆ ಮಾಡಿದೆ. ಅಂಥದ್ದು ಒಂದೇ ಒಂದು ಸಿಕ್ಕಿತು."

ಹೆಂಗಸರು ದಿಂಬಿನ ಮೇಲೆ ಬಿದ್ದು ನಕ್ಕರು. ಸಿಟ್ಟು ನೆತ್ತಿಗೇರಿತು. ಅವರನ್ನು ಹೆಸರು ಹಿಡಿದು ಬೈಯೋಣವೆಂದು ಬಾಯಿ ತೆರೆದೆ. ಹೊರಟದ್ದು "ದಾದಾಸಿ!" ಎಂದಷ್ಟೆ.

ಸನೋಬರ್ ಚೀಲ ಬಿಡಿಸಿಕೊಂಡು ಎದ್ದಳು. ನಾನು ಮೊಣಕಾಲು ಊರಿ ಸೋಲುವವಳಲ್ಲ. ತರಗತಿಯ ದನಿ ತೆಗೆದೆ: "ನಿಲ್ಲು! ನಾನು ಅಂದದ್ದೇನು? 'ನನ್ನ ಗಂಡನ ಬಾಯಿಂದ ನನ್ನ ಹೆಸರು ಹೇಳಿಸುತ್ತೇನೆ, ನಿಮ್ಮೆಲ್ಲರ ಎದುರಿಗೆ' ಎಂದಲ್ಲವೇ? ಬಾಯಿ ಅವರದು. ಹೆಸರು ನನ್ನದು. ನೀವೆಲ್ಲ ಎದುರಿಗಿದ್ದೀರಿ. ಯಾರನ್ನು ಕರೆಯಬೇಕೆಂಬ ಷರತ್ತು ಎಲ್ಲಿತ್ತು?"

ಕೂಟದಲ್ಲಿ ಬಿಸಿಬಿಸಿ ಚರ್ಚೆ ನಡೆಯಿತು. ವ್ಯಾಕರಣ ನನ್ನ ಕಡೆಗಿತ್ತು. ಕೊನೆಗೆ ಸನೋಬರ್ ಚೀಲ ಮಡಚಿದಳು.

"ಆಯ್ತು ದೊಮ್ಲಾ, ಗೆದ್ದಿರಿ. ಕಡಾಯಿ ನಿಮ್ಮದೇ. ಹೆಸರು ಮಾತ್ರ ಈಗ ಪೆಟ್ಟಿಗೆಯದು!"

ಕಡಾಯಿ ಈಗಲೂ ನಮ್ಮ ಒಲೆಯ ಮೇಲೆಯೇ ಇದೆ. ಅದರಲ್ಲಿ ಮೂಟೆಯ ಹೆಸರುಕಾಳು ಇನ್ನೂ ಬೇಯುತ್ತಿದೆ. ವಿಜಯ ನನ್ನದೇ, ಸಂದೇಹವಿಲ್ಲ! ನನ್ನ ಗಂಡ ಈಗ ದಿನಕ್ಕೆ ಹತ್ತಾರು ಸಲ, 'ದಯವಿಟ್ಟು' ಸೇರಿಸಿ, ಸ್ಪಷ್ಟ ಉಚ್ಚಾರಣೆಯಲ್ಲಿ ನನ್ನ ಹೆಸರು ಹೇಳುತ್ತಾರೆ. ಇದನ್ನು ಬರೆಯುತ್ತಿರುವಾಗಲೂ ನಡುಮನೆಯಿಂದ ಅವರ ದನಿ ಕೇಳುತ್ತಿದೆ:

"ಮುಕರ್ರಮಾಖಾನ್, ಚಹಾ ತಣ್ಣಗಾಗಿದೆ ಅಂತ ಸ್ವಲ್ಪ ನಫೀಸಾಗೆ ಹೇಳಮ್ಮ."

ಪೆಟ್ಟಿಗೆ ಹೇಳಿತು. ಬಿಸಿ ಮಾಡಲು ಎದ್ದೆ.