ಕೆಂಪು ಕಂಡರೆ ನಿಂಬೆರಸ

"ಸರ್ವಮಂಗಳಾ, ಇನ್ಮೇಲೆ ನೀನು ಸಾರಿನ ರುಚಿ ನೋಡೋ ಅಗತ್ಯಾನೇ ಇಲ್ಲ" ಎಂದು ಮರುಳಸಿದ್ದಪ್ಪನವರು ಊಟದ ಮೇಜಿನ ಮೇಲೆ ಯಂತ್ರವನ್ನು ಕುಕ್ಕಿದಾಗ ಹತ್ತೂವರೆ ಗಂಟೆ. ಹನ್ನೊಂದೂವರೆಗೆ ಮಗಳು ಶೈಲಜಳನ್ನು ನೋಡಲು ಗಂಡಿನವರು ಬರುವವರಿದ್ದರು. ಇದು ನಾಲ್ಕನೆಯ ಸಂಬಂಧ. ಹಿಂದಿನ ಮೂರೂ ಮರುಳಸಿದ್ದಪ್ಪನವರ ಮೂರು ಯಂತ್ರಗಳಿಗೆ ಬಲಿಯಾಗಿದ್ದವು. ಈ ಹುಡುಗನನ್ನಂತೂ ಶೈಲಜ ತಾನೇ ಮೆಚ್ಚಿದ್ದಳು. ಇದೊಂದು ಕೈತಪ್ಪಬಾರದೆಂದು ಸರ್ವಮಂಗಳಮ್ಮನಿಗೆ ಬೆಳಗಿನಿಂದ ಒಂದೇ ತಳಮಳ.

ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಹೇಳಿ ನಿವೃತ್ತರಾದ ಪತಿರಾಯರು ಸುಣ್ಣದ ನೀರಿಗೆ ಚಿಟಿಕೆ ಅರಿಶಿನ ಹಾಕಿದರು. ನೀರು ಕೆಂಪಾಯಿತು. ಯಂತ್ರದ ಉದ್ದನೆಯ ಕೊಳವೆ ಕತ್ತು ಬಾಗಿಸಿ, ತುದಿಯ ಕ್ಯಾಮೆರಾದಲ್ಲಿ ಇಣುಕಿ, ನಿಂಬೆರಸ ತೊಟ್ಟಿಕ್ಕಿಸಿತು. ನೀರು ಹಳದಿಯಾದದ್ದೇ ತಡ, ಯಂತ್ರ ನಿಂತಿತು.

"ಕೆಂಪಂದ್ರೆ ಕ್ಷಾರ. ಹಳದಿ ಆಗೋವರೆಗೂ ಆಮ್ಲ ಬಿಡುತ್ತೆ. ಒಂದು ತೊಟ್ಟು ಹೆಚ್ಚಿಲ್ಲ, ಕಡಿಮೆ ಇಲ್ಲ."

"ನಮ್ಮ ಸಾರು ಯಾವಾಗ್ಲೂ ಕೆಂಪಗೇ ಇರುತ್ತಲ್ರೀ?"

ಇಂಥ ಪ್ರಶ್ನೆಗಳಿಗೆ ಅವರು ಕಾಲೇಜಿನಲ್ಲೂ ಉತ್ತರ ಕೊಟ್ಟವರಲ್ಲ. ಬ್ಯಾಡಗಿ ಮೆಣಸಿನಕಾಯಿ ಹಾಕಿ ಕುದಿಸಿ ಮೇಜಿನ ಮೇಲಿಟ್ಟಿದ್ದ ಸಾರಿನತ್ತ ಕೊಳವೆ ತಿರುಗಿಸಿಯೇ ಬಿಟ್ಟರು. ಯಂತ್ರ ನಿಂಬೆರಸ ಬಿಟ್ಟಿತು. ಸಾರು ಕೆಂಪಗೇ ಇತ್ತು. ಇನ್ನಷ್ಟು ಬಿಟ್ಟಿತು. ಮೆಣಸಿನಕಾಯಿಯ ಕೆಂಪು ಎಲ್ಲಿಗೆ ಹೋದೀತು? ಒಂದು ಚೂರು ನಾಲಿಗೆಗಿಟ್ಟ ಸರ್ವಮಂಗಳಮ್ಮನ ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು.

"ಆರಿಸ್ರೀ ಅದನ್ನ!"

"ಪ್ರಯೋಗದ ಮಧ್ಯೆ ಆರಿಸೋ ಹಾಗಿಲ್ಲ. ಅಡುಗೆ ಸೋಡಾ ಕೊಡು, ಲೆಕ್ಕ ಹಾಕ್ತೀನಿ."

ಆಮ್ಲದ ಒಂದು ಕಣಕ್ಕೆ ಸೋಡಾದ ಒಂದು ಕಣ ಎಂದು ಲೆಕ್ಕ ಹಾಕಿ ಸುರಿದರು. ಹುಳಿ ಜಗ್ಗಲಿಲ್ಲ. ಆಮೇಲೆ ಹಣೆ ಚಚ್ಚಿಕೊಂಡರು. ನಿಂಬೆಯ ಆಮ್ಲದ ಒಂದು ಕಣಕ್ಕೆ ಸೋಡಾ ಮೂರು ಕಣ ಬೇಕು! ಮೂರು ಪಾಲು ಸುರಿದರು. ಆಗಲೇ ಹಾಕಿದ್ದ ಒಂದು ಪಾಲನ್ನು ಕಳೆಯಬೇಕಿತ್ತಲ್ಲ? ಕಳೆಯಲಿಲ್ಲ. ಸೋಡಾ ಹೆಚ್ಚಾಗಿ ಸಾರಿನೊಳಗಿನ ಅರಿಶಿನವೂ ಕೆಂಪಾಯಿತು. ಯಂತ್ರಕ್ಕೆ ಹೊಸ ಹುರುಪು ಬಂತು. ನಿಂಬೆರಸ ಧಾರೆಯಾಗಿ ಬಿತ್ತು. ಸಾರು ಬುಸುಗುಟ್ಟಿ ನೊರೆಯಾಗಿ ಉಕ್ಕಿ, ತೊಗರಿಬೇಳೆಯ ಸಮೇತ ಮೇಜಿನಿಂದಿಳಿದು, ಹಜಾರ ದಾಟಿ ಹೊಸ್ತಿಲಿಗೆ ಬಂತು.

ಅತ್ತ ಕಡೆಯಿಂದ ಹೊಸ್ತಿಲಿಗೆ ಬಂದವರು ಹುಡುಗನ ತಂದೆ ರುದ್ರಮುನಿಯಪ್ಪ ಮತ್ತು ತಾಯಿ ಗಂಗಾಂಬಿಕೆ. ಸರ್ವಮಂಗಳಮ್ಮ ಅಲ್ಲೇ ಕುಸಿದು ಕೂತರು. ಮುಗಿಯಿತು, ನಾಲ್ಕನೆಯದೂ ಹೋಯಿತು ಎಂದು ಅಳುವೇ ಬಂತು.

ಸಾರೇ ಎದುರುಗೊಳ್ಳಲು ಬಂದದ್ದನ್ನು ಕಂಡು ರುದ್ರಮುನಿಯಪ್ಪ ಬಾಯ್ತುಂಬ ನಕ್ಕರು. ಬಾಯಿಯೂ ತುಂಬಿತ್ತು, ಎಲೆಯಡಿಕೆ ಸುಣ್ಣದಿಂದ. ಆ ಕಡುಗೆಂಪಿನತ್ತ ಯಂತ್ರ ಗಕ್ಕನೆ ಕತ್ತು ತಿರುಗಿಸಿತು. ಬೆಳಗಿನಿಂದ ಅದು ಸರಿಯಾಗಿ ಗುರುತಿಸಿದ ಕ್ಷಾರ ಮೂರೇ, ಇದು ಮೂರನೆಯದು. ನಿಂಬೆರಸ ನೇರ ಗಂಟಲಿಗೆ ಹೊಡೆಯಿತು. "ಏನ್ರೀ ಇದು?" ಎನ್ನಲು ಬಾಯಿ ತೆರೆದರೆ ಇನ್ನೊಂದು ಧಾರೆ. ಅವರು ಅಂಗಳಕ್ಕೆ ಓಡಿ ಎಲ್ಲ ಉಗಿದು, ನಲ್ಲಿಯ ಕೆಳಗೆ ತಲೆಯಿಟ್ಟು, "ಶಿವನಾಣೆ, ಇನ್ನು ಎಲೆಯಡಿಕೆ ಮುಟ್ಟಲ್ಲ!" ಎಂದು ಕೂಗಿಕೊಂಡರು.

ಗಂಗಾಂಬಿಕೆ ನೊರೆಯಲ್ಲೇ ನಡೆದುಬಂದು ಸರ್ವಮಂಗಳಮ್ಮನ ಎರಡೂ ಕೈ ಹಿಡಿದರು. "ಇಪ್ಪತ್ತಾರು ವರ್ಷ ಬೇಡ್ಕೊಂಡೆ ಕಣ್ರೀ ಈ ಮಾತಿಗೆ. ಹುಡುಗಿ ಒಪ್ಪಿಗೆ. ಬೇರೇನೂ ಕೇಳಲ್ಲ, ಅವಳ ಜೊತೆ ಯಂತ್ರಾನೂ ಕಳ್ಸಿಕೊಡಿ."

ಮರುಳಸಿದ್ದಪ್ಪನವರು ಏನೋ ಹೇಳಲು ಹೊರಟರು. ಸರ್ವಮಂಗಳಮ್ಮ ಕಣ್ಣೊರೆಸಿಕೊಂಡು ಎದ್ದರು.

"ಮಗಳನ್ನ ಕಳ್ಸೋಕೆ ಮುಹೂರ್ತ ನೋಡ್ಬೇಕಮ್ಮ. ಯಂತ್ರಾನ ಈಗ್ಲೇ ತಗೊಂಡ್ಹೋಗಿ."