ನೀರು ಓದಿದ ಅತ್ತಿಗೆ

ನಮ್ಮ ಅತ್ತಿಗೆಗೆ ತಲೆ ಸರಿಯಿಲ್ಲ ಎಂದು ನಾನು ಹೇಳುತ್ತಿಲ್ಲ. ಹೊಸಪೇಟೆಯ ನಮ್ಮ ಓಣಿ ಹೇಳುತ್ತಿತ್ತು. ನಾದಿನಿಯಾದ ನಾನು ಬರೀ ತಲೆಯಾಡಿಸುತ್ತಿದ್ದೆ, ಅಷ್ಟೇ!

ಆಗ ಗಣಿಗಾರಿಕೆಯ ಭರಾಟೆ. ಸಂಡೂರಿನ ಗುಡ್ಡ ಅಗೆದು ಅದಿರು ತುಂಬಿದ ಲಾರಿಗಳು ಒಂದರ ಹಿಂದೊಂದು ಓಡುತ್ತಿದ್ದವು. ಒಣಹಾಕಿದ ಬಿಳಿ ಪಂಚೆ ಅವುಗಳ ಕೆಂಪು ಧೂಳಿಗೆ ಸಂಜೆಯೊಳಗೆ ಕಾವಿಯಾಗಿ, ಮನೆಗೊಬ್ಬ ಸನ್ಯಾಸಿ ತಯಾರಾಗುತ್ತಿದ್ದ. ಅಣ್ಣನೂ ಲಾರಿ ಇಟ್ಟಿದ್ದ.

"ಓಣ್ಯಾಗ ಎಲ್ಲಾರೂ ಬಂಗಾರದ ಬಳಿ ಮಾಡಿಸ್ಯಾರ. ನಿನಗೂ ಮಾಡಿಸ್ಲೇನು?" ಎಂದು ಹೆಂಡತಿಯನ್ನು ಕೇಳಿದ.

"ಬಳಿ ಬ್ಯಾಡ್ರಿ, ಒಂದು ಸ್ಟಾಪ್‌ವಾಚ್ ಕೊಡಸ್ರಿ. ನಾ ಎಂ.ಟೆಕ್ ಸೇರ್ತೀನಿ" ಎಂದಳು ಅತ್ತಿಗೆ.

ಯಾವ ವಿಷಯ? ಜಲಸಂಪನ್ಮೂಲ ಎಂಜಿನಿಯರಿಂಗ್! ಅಪ್ಪ ಚಹಾದ ಬಸಿ ಕೆಳಗಿಟ್ಟ.

"ನೀರಿನ್ಯಾಗ ಓದೋದೇನೈತವ್ವ? ನಳ ತಿರುವಿದ್ರ ಬರತೈತಿ!"

"ತಿರುವಿದ್ರೂ ಬರಲಿಲ್ಲಂದ್ರ ಏನ್ ಮಾಡಬೇಕು, ಅದನ್ನ ಓದೋದ್ರಿ ಮಾವ."

ಸೇರಿಯೇಬಿಟ್ಟಳು. ಅಂದಿನಿಂದ ಅವಳ ಕಣ್ಣೆಲ್ಲ ನೀರಿನ ಮೇಲೆ. ನೆಂಟರ ಮದುವೆಗೆ ಹೋದರೆ ನಾವು ಮದುಮಗಳ ಸೀರೆ ನೋಡಿದೆವು, ಅವಳು ಕೈ ತೊಳೆಯುವ ಜಾಗದ ಚರಂಡಿ ನೋಡಿದಳು. "ಇದಕ್ಕ ಇಳಿಜಾರೇ ಇಲ್ಲ" ಎಂದು ಗೊಣಗಿದಳು. ಯಾರು ಕೇಳುತ್ತಾರೆ? ಹೋಳಿಗೆ ಬಡಿಸುವ ಹೊತ್ತಿಗೆ ಆ ನೀರೆಲ್ಲ ಬೀಗರ ಪಂಕ್ತಿಗೆ ನುಗ್ಗಿತು. ಬೀಗರು ವರದಕ್ಷಿಣೆಗೆ ಮುನಿದು ಏಳುವುದನ್ನು ಕೇಳಿದ್ದೇನೆ; ಇಳಿಜಾರಿಗೆ ಎದ್ದದ್ದು ಅದೊಂದೇ ಮದುವೆ!

ಇನ್ನು ನಿಂಬೆಹಣ್ಣಿನ ಕಥೆ. ಕಾಲುವೆಯ ವೇಗ ಅಳೆಯಲು ಏನಾದರೂ ತೇಲಿಬಿಡಬೇಕಂತೆ. ಹಂಪಿಯ ಬಾಳೆತೋಟಗಳ ನಡುವಿನ ಕಾಲುವೆಗೆ ಅವಳು ನಿಂಬೆಹಣ್ಣು ಬಿಡುವುದು, ಸ್ಟಾಪ್‌ವಾಚ್ ಹಿಡಿದು ದಡದ ಮೇಲೆ ಅದರ ಜೊತೆ ಓಡುವುದು, ಚೀಲ ಹೊತ್ತ ನಾನು ಹಿಂದೆ ಏದುಸಿರು ಬಿಡುವುದು. ಒಬ್ಬ ವಿದೇಶಿ ಪ್ರವಾಸಿ ಇದು ಯಾವುದೋ ಪೂಜೆಯೆಂದು ಭಕ್ತಿಯಿಂದ ಕಣ್ಣು ಮುಚ್ಚಿ ನಿಂತ. ಕೆಳಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು, "ಯವ್ವಾ, ಯಾರೋ ಮಾಟ ಮಾಡ್ಯಾರ!" ಎಂದು ಬಟ್ಟೆ ಬಿಟ್ಟು ಓಡಿದರು. ಒಬ್ಬ ಮುದುಕಪ್ಪ ಮಾತ್ರ ಕುಂಟುತ್ತ ಹತ್ತಿರ ಬಂದ. "ತಾಯಿ, ನನ್ನ ಮೊಣಕಾಲಿಗೂ ಒಂದು ಹಣ್ಣು ಬಿಡ್ರಿ."

ಅತ್ತಿಗೆ ಎರಡು ಬಿಟ್ಟಳು. ಒಂದು ಅಳತೆಗೆ, ಒಂದು ಮೊಣಕಾಲಿಗೆ.

ಕೊನೆಗೆ ಬಂತು ಪ್ರಾಜೆಕ್ಟ್. ಅವಳು ಆರಿಸಿಕೊಂಡದ್ದು ಕಂಪ್ಲಿಯ ಹತ್ತಿರ ನಮ್ಮ ಗದ್ದೆಗೆ ನೀರುಣಿಸುವ ಕಾಲುವೆ! ನಮ್ಮ ಗದ್ದೆ ಕಾಲುವೆಯ ತಲೆಯಲ್ಲಿತ್ತು. ಭತ್ತ ಸದಾ ಮೊಣಕಾಲುದ್ದ ನೀರಲ್ಲಿ. ಬಾಲದಲ್ಲಿದ್ದವರಿಗೆ ಬರುತ್ತಿದ್ದದ್ದು ಬರೀ ಕಾಲುವೆ, ನೀರಲ್ಲ.

"ಮ್ಯಾಲಿನವರು ನಾಕು ದಿನ ತೂಬು ಮುಚ್ಚಿದ್ರ ಕೊನೀತನಕ ನೀರು ಮುಟ್ಟತೈತ್ರಿ ಮಾವ. ಮೊದಲು ನಮ್ಮದು ಮುಚ್ಚೋಣು."

"ನಮ್ಮ ಭತ್ತ ಒಣಗಿದ್ರ?" ಅಪ್ಪ ಗುಡುಗಿದ.

"ಒಣಗಿದ್ರ ಓದು ಬಿಟ್ಟು ಮನ್ಯಾಗ ಕುಂದರ್ತೀನಿ."

ಅಬ್ಬಾ, ಇಂಥ ಅವಕಾಶ ಅಪ್ಪ ಬಿಟ್ಟಾನೇ? ಆ ಕ್ಷಣವೇ ಎಲ್ಲರನ್ನೂ ಕರೆದುಕೊಂಡು ಗದ್ದೆಗೆ ಹೋಗಿ ತಾನೇ ತೂಬು ಮುಚ್ಚಿದ! ಆ ಕಾಲುವೆಯ ರೈತರಲ್ಲಿ ಹಿರಿಯನೇ ಮುಚ್ಚಿದ ಮೇಲೆ ಅಕ್ಕಪಕ್ಕದವರೂ ಗೊಣಗುತ್ತ ಮುಚ್ಚಿದರು.

ಮೊದಲ ದಿನ ಏನೂ ಇಲ್ಲ. ಮರುದಿನ ನಮ್ಮ ಗದ್ದೆಯ ನೀರು ಇಂಗತೊಡಗಿತು. ಅಪ್ಪ ಬದುವಿನ ಮೇಲೆ ನಿಂತು ಮೀಸೆಯಲ್ಲೇ ನಗುತ್ತಿದ್ದ. ಅತ್ತಿಗೆ ಊಟ ಬಿಟ್ಟಿದ್ದಳು; ಅವಳನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಕೆಳಗಿನಿಂದ ಕೂಗು ಕೇಳಿತು. "ಬಂತ್ರೋ! ನೀರು ಬಂತು!" ಎಲ್ಲರೂ ಓಡಿದೆವು. ಬಿರುಕುಬಿಟ್ಟ ನೆಲದ ಮೇಲೆ ಕೆಂಪು ನೀರು ಬುಸುಗುಡುತ್ತ ಹರಿಯುತ್ತಿತ್ತು. ದೊಡ್ಡವರು ಅದರಲ್ಲಿ ಕುಣಿಯುತ್ತಿದ್ದರು! ಒಬ್ಬಾಕೆ ಅತ್ತಿಗೆಯನ್ನು ತಬ್ಬಿ ಸೀರೆಯೆಲ್ಲ ಕೆಸರು ಮಾಡಿದಳು. ಇತ್ತ ನಮ್ಮ ಭತ್ತವೋ, ಒಣಗುವ ಮಾತೇ ಇಲ್ಲ. ಬೇರಿಗೆ ಗಾಳಿಯಾಡಿ ಮೊದಲಿಗಿಂತ ಹಸಿರಾಗಿ ತಲೆ ಎತ್ತಿ ನಿಂತಿತ್ತು.

ಸೋತ ಅಪ್ಪ ಈಗ ಏನು ಅನ್ನುತ್ತಾನೋ ಎಂದು ನಾನು ಕಾದೆ. ಅವನು ಹೆಗಲ ಮೇಲಿನ ವಲ್ಲಿ ತೆಗೆದು, ಕೊಡವಿ, ಬದುವಿನ ಮೇಲೆ ಹಾಸಿದ.

"ಬರ್ರಿ ಎಂಜಿನಿಯರ್ರ, ಕುಂದ್ರಿ."

ಅತ್ತಿಗೆ ಹಿಂದೆ ಸರಿದಳು. "ಮಾವ, ನನಗ 'ರೀ' ಹಚ್ಚಬ್ಯಾಡ್ರಿ. ನಾ ನಿಮ್ಮ ಸೊಸಿ."

"ಸೊಸಿಗೆ ಮನ್ಯಾಗ ಹಚ್ಚಂಗಿಲ್ಲವ್ವ" ಎಂದ ಅಪ್ಪ, ಕಣ್ಣೊರೆಸಿಕೊಳ್ಳುತ್ತ. "ಇಲ್ಲಿ ಮಂದಿ ಮುಂದ ಹಚ್ಚತೀನಿ. ಕುಂದ್ರಿ."