ಅರವತ್ತರ ನಾಡಿ

ಬೆಳ್ಳಂಬೆಳಗ್ಗೆಯೇ ವಾಚ್ ರಿಪೇರಿಯವರ ಗ್ರಹಚಾರ ಕೆಟ್ಟಿತು. ನರ್ಸ್ ಕೆಲಸದಿಂದ ನಿವೃತ್ತಳಾದ ಹೆಂಡತಿ ಹಳೇ ಅಭ್ಯಾಸದಂತೆ ಅವರ ಮಣಿಕಟ್ಟು ಹಿಡಿದು, ಗೋಡೆ ಗಡಿಯಾರ ನೋಡುತ್ತ ನಾಡಿ ಎಣಿಸಿದಳು. ಎಣಿಸಿ ಕೈಯನ್ನು ಪಟ್ಟನೆ ಬಿಟ್ಟಳು.

"ಅರವತ್ತು. ಅಷ್ಟೇನಾ?"

"ಒಳ್ಳೇದಲ್ವೇನೇ?"

"ಡಾಕ್ಟರಿಗೆ ಒಳ್ಳೇದು. ಆಗೆಲ್ಲಾ ನಾನು ಮುಟ್ಟಿದ್ರೆ ಸಾಕು, ನೂರು ದಾಟ್ತಿತ್ತು!"

ದಾಟುತ್ತಿತ್ತು, ಸುಳ್ಳಲ್ಲ. ಆಗ ಕಾಲು ಮುರಿದುಕೊಂಡು ಅವಳ ವಾರ್ಡು ಸೇರಿದ್ದ ಈ ತರುಣನ ನಾಡಿ ಅವಳು ಬಂದಾಗಲೆಲ್ಲ ದಡಬಡ ಓಡುವುದು ಕಂಡು, ದೊಡ್ಡ ಡಾಕ್ಟರು ಹೃದಯದ ಕಾಯಿಲೆಯೆಂದೇ ಬಗೆದು ಇನ್ನೊಂದು ವಾರ ಮಲಗಿಸಿದ್ದರು. ಸ್ಪಿರಿಟ್ಟಿನ ವಾಸನೆ, ಆ ಬಿಳಿ ಟೋಪಿ, ಆ ತಣ್ಣನೆಯ ಬೆರಳುಗಳು! ಅಯ್ಯೋ, ಎಂಥ ದಿನಗಳವು! ಆ ವಾರದಲ್ಲೇ ಮದುವೆಯ ಮಾತೂ ಮುಗಿದಿತ್ತು.

"ನನ್ನ ಮೇಲೆ ಆಸೆ ಆರಿಹೋಯ್ತು ಅನ್ನಿ. ಸಾಯಂಕಾಲ ಇನ್ನೊಂದ್ಸಲ ನೋಡ್ತೀನಿ," ಎಂದು ಹೆಂಡತಿ ಮುಖ ಊದಿಸಿಕೊಂಡು ಒಳಗೆ ಹೋದಳು.

ಅವಳ ಮೇಲಿನ ಪ್ರೀತಿ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಅದನ್ನು ಈ ಹಾಳು ನಾಡಿಗೆ ತಿಳಿಸಿ ಹೇಳುವವರು ಯಾರು?

ಮಹಡಿ ಮನೆಯ ಡ್ರಿಲ್ ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ನಾಡಿ ತಾನೇ? ನನಗೆ ಬಿಡಿ!" ಎಂದು ಸಂಜೆ ಇವರನ್ನು ಮೆಟ್ಟಿಲು ಹತ್ತಿಸಿದರು, ಇಳಿಸಿದರು, ಸಾಲದೆಂದು ಬಸ್ಕಿಯನ್ನೂ ಹೊಡೆಸಿದರು.

"ಸಾಕು ಮೇಷ್ಟ್ರೇ, ಪ್ರಾಣ ಹೋಗುತ್ತೆ."

"ಪ್ರೀತಿ ಅಂದ್ರೆ ಸುಮ್ನೇನಾ? ಹೂಂ, ಹತ್ತಿ!"

ಏದುಸಿರು ಬಿಡುತ್ತ ಬಂದು ಅವರು ಕೈ ಚಾಚಿದರು. ನಾಡಿಯೇನೋ ಕುದುರೆಯಂತೆ ಓಡುತ್ತಿತ್ತು. ಆದರೆ ಹೆಂಡತಿ ನಾಚಲಿಲ್ಲ. ಉಸಿರು ಎಣಿಸಿದಳು, ಹಣೆ ಮುಟ್ಟಿದಳು, ಗಾಬರಿಬಿದ್ದಳು.

"ಅಯ್ಯಯ್ಯೋ, ಏನ್ರೀ ಈ ಬೆವರು! ನಡೀರಿ ಡಾಕ್ಟರ ಹತ್ರ!"

ಬೀದಿಯ ಕೊನೆಯ ಕ್ಲಿನಿಕ್ಕಿನಲ್ಲಿ ಡಾಕ್ಟರು ತೋಳಿಗೆ ಬಿ.ಪಿ. ಪಟ್ಟಿ ಸುತ್ತುವಷ್ಟರಲ್ಲಿ ಬೆಳಗಿನ ಅರವತ್ತರಿಂದ ಸಂಜೆಯ ಬಸ್ಕಿಯವರೆಗಿನ ಕತೆಯೆಲ್ಲ ಬಯಲಾಯಿತು. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಮ್ಮಾ, ಬೆಳಗ್ಗೆ ನಾಡಿ ನಿಧಾನ ಆಗಿದ್ದು ಪ್ರೀತಿ ಕಮ್ಮಿಯಾಗಿ ಅಲ್ಲ. ನಾನು ಬಿ.ಪಿ.ಗೆ ಬರೆದುಕೊಟ್ಟ ಮಾತ್ರೆ ಇದೆಯಲ್ಲ, ಅದರ ಕೆಲಸ ಅದು. ಯಾರು ಕೈ ಹಿಡಿದ್ರೂ ಅಷ್ಟೇ."

"ಹೌದಲ್ಲ! ದಿನಾ ವಾಚ್ ಅಂಗಡೀಲೇ ನುಂಗ್ತೀನಿ ಅಂದಿದ್ರು, ನನಗೆ ಮರೆತೇಹೋಗಿತ್ತು." ಹೆಂಡತಿಯ ಕಣ್ಣು ತುಂಬಿಬಂತು. "ಪಾಪ, ಸುಮ್ಸುಮ್ನೆ ಅಂದ್ಬಿಟ್ಟೆ," ಎಂದು ಎಲ್ಲರೆದುರೇ ಗಂಡನ ಕೈ ಹಿಡಿದುಕೊಂಡಳು. ವಾಚ್ ರಿಪೇರಿಯವರಿಗೆ ಆ ಹಳೇ ವಾರ್ಡಿಗೇ ಮರಳಿದಷ್ಟು ಸುಖವಾಯಿತು.

ಇಬ್ಬರೂ ಹೊರಬರುವಾಗ ಔಷಧಿ ಕೊಡುವ ಕಂಪೌಂಡರು ಕಿಟಕಿಯಿಂದ ತಲೆ ಹೊರಹಾಕಿದರು.

"ಅಂತೂ ಬಂದ್ರಲ್ಲ ಸಾರ್! ನಿಮ್ಮ ಬಿ.ಪಿ. ಮಾತ್ರೆ ಕಟ್ಟಿಟ್ಟು ಎರಡು ತಿಂಗಳಾಯ್ತು. ಇನ್ನೂ ಒಂದನ್ನೂ ತಗೊಂಡು ಹೋಗಿಲ್ವಲ್ಲ!"

ಹೆಂಡತಿ ನಿಂತಳು. ಹಿಡಿದ ಕೈ ಬಿಡಲಿಲ್ಲ. ಬೆರಳುಗಳು ಮಾತ್ರ ಮೆಲ್ಲಗೆ ಮಣಿಕಟ್ಟಿಗೆ ಸರಿದವು.

"ಹಾಗಾದ್ರೆ ಬೆಳಗ್ಗೆ ಆ ಅರವತ್ತು?"

ಅವರು ಮೆಲ್ಲಗೆ ಕೈ ಬಿಡಿಸಿಕೊಳ್ಳಲು ನೋಡಿದರು. ನಾಡಿ ಆಗಲೇ ನೂರು ದಾಟಿ ದಡಬಡ ಓಡತೊಡಗಿತ್ತು.

"ಈಗ ಓಡುತ್ತೆ ನೋಡಿ," ಎಂದಳು ಹೆಂಡತಿ. "ನಡೀರಿ ಮನೆಗೆ, ಹೇಳ್ತೀನಿ."